ಮಗಳಿಗೆ ಪೈಲಟ್ ಲೈಸೆನ್ಸ್ ಮಾಡಿಸಬೇಕು, ಹುಬ್ಬಳ್ಳಿ ಕಡೆಯವರು ಯಾರಾದ್ರೂ ದಾರಿ ಹೇಳ್ತೀರಾ?

ಕೇಶ್ವಾಪುರದ ಅಪ್ಪ

ಎಲ್ಲರಿಗೂ ನಮಸ್ಕಾರ ರೀ. ಮಗಳು ಎರಡನೇ ಪಿಯುಸಿ, ಕಾಮರ್ಸ್. ಪೈಲಟ್ ಆಗ್ತೀನಿ ಅಂತ ಹಟ ಹಿಡಿದಿದ್ದಾಳೆ. ನಾವು ಮೊದಲು ಸುಮ್ನೆ ಹೇಳ್ತಾಳೆ ಅಂದುಕೊಂಡಿದ್ದೆವು. ಈಗ ನೋಡಿದರೆ ಬೆಂಗಳೂರಿನ ಒಂದು ಏಜೆನ್ಸಿಗೆ ತಾನೇ ಫೋನ್ ಮಾಡಿ ಎಲ್ಲ ವಿಚಾರಿಸಿದ್ದಾಳೆ. ಅವರು ಐವತ್ತೈದು ಲಕ್ಷ ಅಂದರು. ಈ ತಿಂಗಳೊಳಗೆ ಐದು ಲಕ್ಷ ಕಟ್ಟಿದರೆ ಸೀಟು ಖಾತ್ರಿಯಂತೆ.

ಅಣ್ಣಿಗೇರಿ ಹತ್ತಿರ ನಮ್ಮದು ಸ್ವಲ್ಪ ಎರೆ ಹೊಲ ಇದೆ. ಅದನ್ನು ಮಾರೋಣ ಅನ್ನುವ ಮಾತು ಮನೆಯಲ್ಲಿ ಶುರುವಾಗಿದೆ. ನಮ್ಮ ತಾಯಿಯವರು ಮೂರು ದಿನದಿಂದ ನನ್ನ ಜೊತೆ ಮಾತು ಬಿಟ್ಟಿದ್ದಾರೆ.

ಕಾಮರ್ಸ್ ಓದಿದವರಿಗೆ ಇದು ಆಗುತ್ತಾ? ಅವಳ ಕಣ್ಣಿಗೆ ಚಾಳೀಸ ಇದೆ, ನಡೆಯುತ್ತಾ? ಲೈಸೆನ್ಸ್ ಸಿಕ್ಕರೆ ಕೆಲಸ ಗ್ಯಾರಂಟಿನಾ? ಗೊತ್ತಿದ್ದವರು ಬಿಡಿಸಿ ಹೇಳ್ರಿ.

ಉಣಕಲ್ ಕಟ್ಟೆ

ಐವತ್ತೈದು ಲಕ್ಷಕ್ಕೆ ನವನಗರದ ಕಡೆ ಒಂದು ಮನೆ ತಗೊಳ್ರಿ. ಬಾಡಿಗೆ ಬರುತ್ತೆ. ಮಗಳು ಸಿಎ ಮಾಡಲಿ. ನನ್ನ ಮಾತು ಕಹಿ ಅನ್ನಿಸಬಹುದು, ಆದರೆ ಲೆಕ್ಕ ಲೆಕ್ಕಾನೇ.

ರನ್‌ವೇ ಇಪ್ಪತ್ತಾರು

ಅಣ್ಣಾರ, ಮೊದಲು ಆ ಐದು ಲಕ್ಷ ಕಟ್ಟಬೇಡ್ರಿ. ಹೊಲದ ಮಾತು ಆಮೇಲೆ. ನಾನು ಹುಬ್ಬಳ್ಳಿಯವನೇ, ಗೋಕುಲ ರೋಡಿನಲ್ಲಿ ವಿಮಾನ ನೋಡುತ್ತಾ ಬೆಳೆದವನು. ಈಗ ಒಂದು ಏರ್‌ಲೈನ್‌ನಲ್ಲಿ ಫಸ್ಟ್ ಆಫೀಸರ್, ಅಂದರೆ ಕ್ಯಾಪ್ಟನ್ ಪಕ್ಕ ಕೂರುವ ಪೈಲಟ್. ಉಣಕಲ್ ಸಾಹೇಬರ ಲೆಕ್ಕ ತಪ್ಪೇನಲ್ಲ. ಆದರೆ ಲೆಕ್ಕ ಹಾಕುವ ಮೊದಲು ಗೊತ್ತಾಗಬೇಕಾದ ಸಂಗತಿಗಳಿವೆ. ಅವಕ್ಕೆ ಜಾಸ್ತಿ ಖರ್ಚಿಲ್ಲ.

ಮೊದಲನೆಯದು ಮೆಡಿಕಲ್. ಎಷ್ಟೋ ಜನ ಇದನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ಅರ್ಧ ಫೀಸು ಕಟ್ಟಿದ ಮೇಲೆ ಬಣ್ಣ ಗುರುತಿಸುವ ತೊಂದರೆ ಇದೆ ಅಂತ ಗೊತ್ತಾದರೆ ದುಡ್ಡು ಯಾರು ಕೊಡುತ್ತಾರೆ? ಡಿಜಿಸಿಎ ಅಂದರೆ ಲೈಸೆನ್ಸ್ ಕೊಡುವ ಕೇಂದ್ರ ಸರ್ಕಾರದ ವಿಮಾನಯಾನ ಸಂಸ್ಥೆ. ಅದು ಒಪ್ಪಿದ ಡಾಕ್ಟರ್ ಹತ್ತಿರ ಕ್ಲಾಸ್ 2 ಮೆಡಿಕಲ್ ಮೊದಲು. ಅದಾದ ಮೇಲೆ ಕಮರ್ಷಿಯಲ್ ಲೈಸೆನ್ಸಿಗೆ ಬೇಕಾದ ಕ್ಲಾಸ್ 1. ಅದಕ್ಕೆ ನಮ್ಮವರು ಸಾಮಾನ್ಯವಾಗಿ ಹೋಗುವುದು ಬೆಂಗಳೂರಿನ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಗೆ. ರಕ್ತ, ಮೂತ್ರ, ಎಕ್ಸ್‌ರೇ, ಇಸಿಜಿ, ಕಿವಿ, ಕಣ್ಣು, ಎಲ್ಲ ನೋಡುತ್ತಾರೆ. ಚಾಳೀಸ ಇದ್ದರೆ ಅಡ್ಡಿಯಿಲ್ಲ. ಹಾಕಿಕೊಂಡಾಗ ದೃಷ್ಟಿ ಸರಿ ಬರಬೇಕು, ಅಷ್ಟೇ. ಹಾರುವಾಗ ಇನ್ನೊಂದು ಜೊತೆ ಚಾಳೀಸ ಕೈಗೆಟುಕುವಂತೆ ಇಟ್ಟುಕೊಳ್ಳಬೇಕು. ಹಿಮೋಗ್ಲೋಬಿನ್ ಕಡಿಮೆ, ತೂಕ ಜಾಸ್ತಿ ಇಂಥದ್ದಕ್ಕೆಲ್ಲ ತಾತ್ಕಾಲಿಕ ಅನ್‌ಫಿಟ್ ಅಂತ ಬರೆದು ಮತ್ತೆ ಕರೆಯುತ್ತಾರೆ. ಅದಕ್ಕೆ ಹೆದರಬೇಡಿ.

ಎರಡನೆಯದು ಓದು. ಕಮರ್ಷಿಯಲ್ ಲೈಸೆನ್ಸಿಗೆ ಅಂದರೆ ಸಿಪಿಎಲ್‌ಗೆ ಹನ್ನೆರಡನೇ ಕ್ಲಾಸಿನಲ್ಲಿ ಫಿಸಿಕ್ಸ್, ಮ್ಯಾಥ್ಸ್ ಪಾಸಾಗಿರಬೇಕು. ಕಾಮರ್ಸ್ ಮಕ್ಕಳು ಆ ಎರಡು ವಿಷಯ ಮಾತ್ರ ಎನ್‌ಐಒಎಸ್‌ನಲ್ಲಿ, ಅಂದರೆ ಕೇಂದ್ರದ ಓಪನ್ ಸ್ಕೂಲ್ ಬೋರ್ಡಿನಲ್ಲಿ ಬರೆಯುತ್ತಾರೆ. ನನ್ನ ಬ್ಯಾಚಿನಲ್ಲೇ ಹಾಗೆ ಬಂದವರಿದ್ದರು. ಅವರೇನೂ ಹಿಂದೆ ಬೀಳಲಿಲ್ಲ.

ಮೂರನೆಯದು ನಮ್ಮ ಕಡೆಯವರದೇ ತಲೆನೋವು. ಡಿಜಿಸಿಎ ಪರೀಕ್ಷೆ ಬರೆಯಲು ಕಂಪ್ಯೂಟರ್ ನಂಬರ್ ಅಂತ ಒಂದು ತೆಗೆಸಬೇಕು. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್‌ನಲ್ಲಿ ಒಂದು ಥರ ಹೆಸರು, ಆಧಾರ್‌ನಲ್ಲಿ ಅಡ್ಡಹೆಸರು ಮೊದಲು, ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಹೆಸರು ನಡುವೆ. ಇದೆಲ್ಲ ಒಂದೇ ಇರಬೇಕು. ಇವತ್ತೇ ಎಲ್ಲ ಕಾಗದ ಹರಡಿಕೊಂಡು ಕೂತು ನೋಡಿ.

ಕೆಲಸದ ಬಗ್ಗೆ ಸಂಜೆ ಬರೆಯುತ್ತೇನೆ. ಫ್ಲೈಟ್ ಇದೆ.

ಸಪ್ತಾಪುರ ಮಾಸ್ತರ್

ಫಿಸಿಕ್ಸ್ ಕಲಿಸಿ ನಿವೃತ್ತಿಯಾದವನು ನಾನು. ಆ ಹುಡುಗಿಗೆ ಹೇಳ್ರಿ, ಪಿಯುಸಿ ಫಿಸಿಕ್ಸ್‌ನ ವೆಕ್ಟರ್ ಮತ್ತು ಒತ್ತಡದ ಪಾಠ ಗಟ್ಟಿ ಮಾಡಿಕೊಂಡರೆ ನ್ಯಾವಿಗೇಶನ್ ಪೇಪರ್ ಹೆದರಿಸುವುದಿಲ್ಲ.

ನಡುವೆ ಸ್ವಲ್ಪ ಇತಿಹಾಸ ಹೇಳಲೇ? ಬೇಡ ಅಂದವರು ಮುಂದಿನ ಪೋಸ್ಟಿಗೆ ಹೋಗಿ.

ವಿಮಾನ ಬಂದ ಮೊದಲ ವರ್ಷಗಳಲ್ಲಿ ಲೈಸೆನ್ಸ್ ಅನ್ನುವುದೇ ಇರಲಿಲ್ಲ. ಧೈರ್ಯ ಇದ್ದವರು ಹಾರಿದರು, ಅದೃಷ್ಟ ಇದ್ದವರು ಇಳಿದರು. ಆಮೇಲೆ ಸರ್ಟಿಫಿಕೇಟ್ ಕೊಡಲು ಶುರು ಮಾಡಿದ್ದು ಸರ್ಕಾರಗಳಲ್ಲ, ಕ್ಲಬ್ಬುಗಳು. ಫ್ರಾನ್ಸಿನ ಏರೋ ಕ್ಲಬ್ಬಿನ ನಂಬರ್ ಒಂದು ಲೂಯಿ ಬ್ಲೇರಿಯೋ ಅವರಿಗೆ ಸಿಕ್ಕಿತು. ಬ್ರಿಟನ್ನಿನಲ್ಲಿ ಮೊದಲನೆಯದು 1910ರ ಮಾರ್ಚ್ 8ರಂದು ಮೂರ್ ಬ್ರಬಜನ್ ಅವರಿಗೆ. ಅದೇ ದಿನ ಫ್ರಾನ್ಸಿನಲ್ಲಿ ರೇಮಂಡ್ ದ ಲಾರೋಶ್ ಅನ್ನುವ ಮಹಿಳೆಗೆ ಲೈಸೆನ್ಸ್ ಸಿಕ್ಕಿತು, ನಂಬರ್ 36. ಪೈಲಟ್ ಲೈಸೆನ್ಸ್ ಪಡೆದ ಜಗತ್ತಿನ ಮೊದಲ ಹೆಣ್ಣುಮಗಳು ಅವರು. ಅಂದರೆ ಹೆಣ್ಣುಮಕ್ಕಳು ಈ ಆಟಕ್ಕೆ ತಡವಾಗಿ ಬಂದವರಲ್ಲ.

ಆಗಿನ ಟೆಸ್ಟ್ ಏನು ಗೊತ್ತಾ? ನೆಟ್ಟ ಕಂಬಗಳ ಸುತ್ತ ಎಂಟರ ಆಕಾರದಲ್ಲಿ ಹಾರಬೇಕು, ಗುರುತು ಹಾಕಿದ ಜಾಗದ ಹತ್ತಿರ ಇಳಿಸಬೇಕು. ನಮ್ಮ ಆರ್‌ಟಿಒ ಮೈದಾನದಲ್ಲಿ ಬೈಕಿನಲ್ಲಿ ಎಂಟು ಹೊಡೆದ ಹಾಗೇ!

ಅಮೆರಿಕದಲ್ಲಿ ಸರ್ಕಾರದ ಲೈಸೆನ್ಸ್ ಬಂದದ್ದು 1926ರ ಕಾನೂನಿನ ನಂತರ. ಮೊದಲ ನಂಬರನ್ನು ಆರ್ವಿಲ್ ರೈಟ್‌ಗೆ ಕೊಡಲು ಹೋದರು. ನಾನೀಗ ಹಾರುವುದಿಲ್ಲ, ಬೇಡ ಅಂದುಬಿಟ್ಟರು. ಕೊನೆಗೆ 1927ರ ಏಪ್ರಿಲ್‌ನಲ್ಲಿ ಆ ಇಲಾಖೆಯ ಅಧಿಕಾರಿ ಮೆಕ್ರಾಕೆನ್ ತಾವೇ ತಗೊಂಡರು. ವಿಮಾನ ಕಂಡುಹಿಡಿದವರ ಕೈಯಲ್ಲಿ ಆ ನಂಬರ್ ಇಲ್ಲ.

ನಮ್ಮ ದೇಶದಲ್ಲಿ ನಂಬರ್ ಒಂದು ಜೆ.ಆರ್.ಡಿ. ಟಾಟಾ ಅವರದು, 1929ರ ಫೆಬ್ರವರಿ 10. ಆಮೇಲೆ ಇಸ್ಮಾಯಿಲಿ ಮುಸ್ಲಿಮರ ಧರ್ಮಗುರು ಆಗಾ ಖಾನ್ ಒಂದು ಬಹುಮಾನ ಇಟ್ಟರು. ಇಂಗ್ಲೆಂಡ್ ಮತ್ತು ಭಾರತದ ನಡುವೆ ಒಬ್ಬರೇ ಹಾರುವ ಮೊದಲ ಭಾರತೀಯನಿಗೆ 500 ಪೌಂಡ್. ಟಾಟಾ ಈ ಕಡೆಯಿಂದ ಹೊರಟರು, ಆಸ್ಪಿ ಇಂಜಿನಿಯರ್ ಅನ್ನುವ ಹದಿನೇಳರ ಹುಡುಗ ಆ ಕಡೆಯಿಂದ. ಈಜಿಪ್ಟಿನಲ್ಲಿ ಆ ಹುಡುಗ ಸ್ಪಾರ್ಕ್ ಪ್ಲಗ್ ಇಲ್ಲದೆ ನಿಂತಿದ್ದ. ಟಾಟಾ ತಮ್ಮ ಹತ್ತಿರ ಇದ್ದದ್ದನ್ನು ಕೊಟ್ಟರು. ಹುಡುಗ ಗೆದ್ದ! ಮುಂದೆ ಆ ಆಸ್ಪಿಯವರೇ ನಮ್ಮ ವಾಯುಪಡೆಯ ಮುಖ್ಯಸ್ಥರಾದರು.

1932ರ ಅಕ್ಟೋಬರ್ 15ರಂದು ಟಾಟಾ ಕರಾಚಿಯಿಂದ ಮುಂಬೈಗೆ ಅಂಚೆ ಚೀಲ ತಂದರು. ಅಲ್ಲಿಂದ ಮುಂದೆ ಅವರ ಜೊತೆಗಾರ ನೆವಿಲ್ ವಿನ್ಸೆಂಟ್ ಅದನ್ನು ಮದ್ರಾಸಿಗೆ ಒಯ್ದರು. ನಡುವೆ ತಂಗಿದ್ದು ಎಲ್ಲಿ? ನಮ್ಮ ಬಳ್ಳಾರಿಯಲ್ಲಿ. ಇದನ್ನು ಹೇಳದೆ ಇರಲು ನನ್ನಿಂದ ಆಗಲಿಲ್ಲ. 1936ರಲ್ಲಿ ಲಾಹೋರಿನಲ್ಲಿ ಸರಳಾ ಥಕ್ರಾಲ್ ಸೀರೆಯುಟ್ಟು ಒಬ್ಬರೇ ವಿಮಾನ ಹಾರಿಸಿದರು. ಆಗ ಅವರಿಗೆ ವಯಸ್ಸು ಇಪ್ಪತ್ತೊಂದು.

ಇವತ್ತು ಎಲ್ಲ ದೇಶದ ಲೈಸೆನ್ಸೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಇರುವುದು 1944ರ ಶಿಕಾಗೋ ಒಪ್ಪಂದದಿಂದ. ನಮ್ಮಲ್ಲಿ 1937ರ ಏರ್‌ಕ್ರಾಫ್ಟ್ ರೂಲ್ಸ್ ಅದಕ್ಕೂ ಹಳೆಯದು. ಅದರ ತಾಯಿ ಕಾನೂನು 1934ರದ್ದು. ಅದು ಹೋಗಿ 2025ರ ಜನವರಿಯಿಂದ ಭಾರತೀಯ ವಾಯುಯಾನ ಅಧಿನಿಯಮ ಜಾರಿಗೆ ಬಂದಿದೆ.

ಉಣಕಲ್ ಕಟ್ಟೆ

ಮಾಸ್ತರ್ರ, ನೀವು ಕ್ಲಾಸಿನಲ್ಲೂ ಹೀಗೇ ಕಥೆ ಹೇಳಿ ಪೋರ್ಶನ್ ಉಳಿಸಿದ್ದು ನಮಗಿನ್ನೂ ನೆನಪಿದೆ 😄

ಅರ್ಧ ಹಾದಿ

ಕಾಕಾ, ನಾನು ಸದ್ಯ ಟ್ರೇನಿಂಗ್‌ನಲ್ಲಿ ಇದ್ದೇನೆ. ಊರು ಧಾರವಾಡ. ಎಲ್ಲಿ ಕಲಿಯುತ್ತಿದ್ದೇನೆ ಅಂತ ಹೇಳುವುದಿಲ್ಲ, ಕಾರಣ ಕೆಳಗೆ ಓದಿದರೆ ಗೊತ್ತಾಗುತ್ತೆ.

ಮೊದಲು ಗಂಟೆಗಳ ಲೆಕ್ಕ. ಸ್ಟೂಡೆಂಟ್ ಲೈಸೆನ್ಸ್ 16 ವರ್ಷಕ್ಕೆ ಸಿಗುತ್ತೆ, ಪ್ರೈವೇಟ್ 17ಕ್ಕೆ. ಇವೆರಡಕ್ಕೂ ಹತ್ತನೇ ಕ್ಲಾಸ್ ಸಾಕು. ಪ್ರೈವೇಟ್‌ಗೆ 40 ಗಂಟೆ ಹಾರಾಟ. ಅದು ಸ್ವಂತ ಖುಷಿಗೆ, ಸಂಬಳ ತಗೊಳ್ಳುವ ಹಾಗಿಲ್ಲ. ನಿಮ್ಮ ಮಗಳಿಗೆ ಬೇಕಾದದ್ದು ಸಿಪಿಎಲ್. ಅದಕ್ಕೆ 18 ವರ್ಷ ಆಗಿರಬೇಕು, 200 ಗಂಟೆ ಹಾರಿರಬೇಕು. ಅದರಲ್ಲಿ 100 ಗಂಟೆ ಪೈಲಟ್ ಇನ್ ಕಮಾಂಡ್ ಆಗಿ, ಅಂದರೆ ವಿಮಾನದ ಪೂರ್ತಿ ಹೊಣೆ ಹೊತ್ತು. ಒಂದು ಉದ್ದದ ಹಾರಾಟ ಕನಿಷ್ಠ 300 ನಾಟಿಕಲ್ ಮೈಲಿ, ಅಂದರೆ ಸುಮಾರು 555 ಕಿ.ಮೀ. ದಾರಿಯಲ್ಲಿ ಎರಡು ಬೇರೆ ಬೇರೆ ಏರ್‌ಪೋರ್ಟ್‌ಗಳಲ್ಲಿ ಇಳಿದು ಪೂರ್ತಿ ನಿಲ್ಲಿಸಬೇಕು. ರಾತ್ರಿ ಹಾರಾಟ ಬೇರೆ. ಹೊರಗೆ ನೋಡದೆ ಬರೀ ಮೀಟರ್ ನೋಡಿ ಹಾರುವುದು ಬೇರೆ. ಏರ್‌ಲೈನ್ ಕೆಲಸಕ್ಕೆ ಇನ್‌ಸ್ಟ್ರುಮೆಂಟ್ ರೇಟಿಂಗ್ (ಹೀಗೆ ಮೀಟರ್ ನೋಡಿ ಹಾರುವ ಅರ್ಹತೆ) ಮತ್ತು ಎರಡು ಎಂಜಿನ್ ವಿಮಾನದ ತರಬೇತಿಯೂ ಬೇಕೇ ಬೇಕು.

ಕಾಗದದ ಮೇಲೆ ಇಷ್ಟೇ. ಆದರೆ 200 ಗಂಟೆ ಯಾವಾಗ ಮುಗಿಯುತ್ತೆ ಅನ್ನುವುದು ನಮ್ಮ ಕೈಯಲ್ಲಿ ಇಲ್ಲ. ನಮ್ಮ ಸ್ಕೂಲಿನಲ್ಲಿ ಬ್ರೋಶರ್ ಪ್ರಕಾರ ಬೇಕಾದಷ್ಟು ವಿಮಾನ ಇದ್ದವು. ಸೇರಿದ ಮೇಲೆ ನೋಡಿದರೆ ಹಾರುವ ಸ್ಥಿತಿಯಲ್ಲಿ ಇದ್ದವು ಕೆಲವೇ ಕೆಲವು. ಉಳಿದವು ಹ್ಯಾಂಗರಿನಲ್ಲಿ ಬಿಡಿಭಾಗಕ್ಕೆ ಕಾಯುತ್ತಾ ನಿಂತಿದ್ದವು. ಇನ್‌ಸ್ಟ್ರಕ್ಟರ್ ಒಬ್ಬರು ಏರ್‌ಲೈನ್‌ಗೆ ಹೋದರು, ಹೊಸಬರು ಬರುವವರೆಗೆ ಸುಮ್ಮನೆ ಕೂತೆವು. ಮಳೆಗಾಲ ಬಂತು ಅಂದರೆ ಮೋಡ ಕೆಳಗೆ ಇಳಿಯುತ್ತೆ, ಹಾರಾಟ ಬಂದ್. ಹಾಸ್ಟೆಲ್ ಬಾಡಿಗೆ ಮಾತ್ರ ಬಂದ್ ಆಗುವುದಿಲ್ಲ. ನಮ್ಮಪ್ಪ ಇಡೀ ಫೀಸು ಮೊದಲೇ ಕಟ್ಟಿದ್ದರಿಂದ ಬಿಟ್ಟು ಬರುವ ಹಾಗೂ ಇರಲಿಲ್ಲ.

ಹಾಗಾಗಿ ಕಾಕಾ, ನೀವೇ ಹೋಗಿ ನೋಡಿ. ಆಫೀಸಿನಲ್ಲಿ ಕೂರಬೇಡಿ, ಹ್ಯಾಂಗರಿಗೆ ಹೋಗಿ. ಇವತ್ತು ಎಷ್ಟು ವಿಮಾನ ಹಾರಿದವು ಅಂತ ವಿದ್ಯಾರ್ಥಿಗಳನ್ನು ಕೇಳಿ, ಮ್ಯಾನೇಜರನ್ನಲ್ಲ. ಹಾರಿದ ಗಂಟೆಗೆ ತಕ್ಕಂತೆ ಕಂತಿನಲ್ಲಿ ಫೀಸು ತಗೊಳ್ಳುತ್ತಾರಾ ಕೇಳಿ. ಬಿಟ್ಟರೆ ಎಷ್ಟು ವಾಪಸ್ ಕೊಡುತ್ತೀರಿ ಅನ್ನುವುದು ಬರಹದಲ್ಲಿ ಇರಲಿ. 2025ರ ಅಕ್ಟೋಬರ್‌ನಿಂದ ಡಿಜಿಸಿಎ ಫ್ಲೈಯಿಂಗ್ ಸ್ಕೂಲುಗಳಿಗೆ ರ‍್ಯಾಂಕ್ ಕೊಡುತ್ತಿದೆ. ಅದನ್ನೂ ನೋಡಿ, ಅದೊಂದನ್ನೇ ನಂಬಬೇಡಿ.

ಹತ್ತಿರದಲ್ಲಿ ಎಲ್ಲಿ ಅಂದರೆ, 2021ರಲ್ಲಿ ಏರ್‌ಪೋರ್ಟ್ಸ್ ಅಥಾರಿಟಿ ಬೆಳಗಾವಿ, ಕಲಬುರಗಿಯಲ್ಲಿ ಫ್ಲೈಯಿಂಗ್ ಸ್ಕೂಲ್‌ಗಳಿಗೆ ಜಾಗ ಕೊಟ್ಟಿತು. ಎರಡನೇ ಸುತ್ತಿನ ಪಟ್ಟಿಯಲ್ಲಿ ಹುಬ್ಬಳ್ಳಿಯ ಹೆಸರೂ ಇತ್ತು. ಬೆಂಗಳೂರಿನ ಜಕ್ಕೂರಿನ ಸರ್ಕಾರಿ ಶಾಲೆ 1949ರಿಂದ ಇದೆ. ಉತ್ತರ ಪ್ರದೇಶದ ಫುರ್ಸತ್‌ಗಂಜ್‌ನಲ್ಲಿ ಕೇಂದ್ರ ಸರ್ಕಾರದ ಇಂದಿರಾ ಗಾಂಧಿ ಅಕಾಡೆಮಿ ಇದೆ. ಅಲ್ಲಿಗೆ ಎಂಟ್ರೆನ್ಸ್ ಬರೆಯಬೇಕು, ಮೀಸಲಾತಿ ಇದೆ. ಫೀಸು ಅಲ್ಲೂ ಕಡಿಮೆ ಏನಲ್ಲ.

ಇಷ್ಟೆಲ್ಲ ಬೈದ ಮೇಲೆ ಒಂದು ಮಾತು. ಮೊದಲ ಸಲ ಪಕ್ಕದ ಸೀಟು ಖಾಲಿ ಇಟ್ಟುಕೊಂಡು ಸೋಲೋ ಹೋದ ದಿನ ಇಳಿದು ಬಂದು ಅಮ್ಮನಿಗೆ ಫೋನ್ ಮಾಡಿದೆ. ಮಾತೇ ಹೊರಡಲಿಲ್ಲ. ಅಮ್ಮ ಏನೋ ಆಗಿದೆ ಅಂತ ಗಾಬರಿಯಾಗಿ ಅಳಲು ಶುರು ಮಾಡಿದರು.

ನವಲಗುಂದ ಹುಡುಗ

ನಾನು ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ. ಪಿಯುಸಿ ಸೈನ್ಸ್ ಮುಗಿಯಿತು. ನನಗೂ ಆಸೆ ಇದೆ, ದುಡ್ಡಿಲ್ಲ, ಇಂಗ್ಲಿಷ್ ಅಷ್ಟಕ್ಕಷ್ಟೆ. ನನ್ನಂಥವರಿಗೆ ದಾರಿ ಇದೆಯಾ? ನಗಬೇಡಿ.

ರನ್‌ವೇ ಇಪ್ಪತ್ತಾರು

ಯಾಕೆ ನಗೋದು ತಮ್ಮಾ? ಇಂಗ್ಲಿಷ್‌ಗೆ ಆರು ಲೆವೆಲ್ ಇವೆ, ಬೇಕಾದದ್ದು ನಾಲ್ಕು. ಅದು ಸಾಹಿತ್ಯದ ಇಂಗ್ಲಿಷ್ ಅಲ್ಲ. ನಿನ್ನ ಮಾತು ಬೇರೆ ದೇಶದ ಕಂಟ್ರೋಲರ್‌ಗೆ ಅರ್ಥ ಆಗಬೇಕು, ಅವರದ್ದು ನಿನಗೆ. ರೇಡಿಯೋ ಮಾತು ಹೆಚ್ಚಿನದೆಲ್ಲ ಕಟ್ಟಿಟ್ಟ ವಾಕ್ಯಗಳೇ, ಅಭ್ಯಾಸದಿಂದ ಬರುತ್ತೆ. ಪುಸ್ತಕ ಮಾತ್ರ ಎಲ್ಲ ಇಂಗ್ಲಿಷ್. ಏರ್ ರೆಗ್ಯುಲೇಶನ್ಸ್, ನ್ಯಾವಿಗೇಶನ್, ಮೀಟಿಯರಾಲಜಿ, ಟೆಕ್ನಿಕಲ್ ಪೇಪರ್‌ಗಳು, ಪ್ರತಿಯೊಂದರಲ್ಲೂ 70 ಬರಬೇಕು. ಇವುಗಳ ಜೊತೆಗೆ ರೇಡಿಯೋ ಪರೀಕ್ಷೆ. ಮೊದಲು ಅದನ್ನು ಟೆಲಿಕಾಂ ಇಲಾಖೆ ನಡೆಸುತ್ತಿತ್ತು, ಈಗ ಅದೂ ಡಿಜಿಸಿಎ ಕೈಗೆ ಬಂದಿದೆ.

ದುಡ್ಡಿಲ್ಲದವರಿಗೆ ಇರುವ ದೊಡ್ಡ ದಾರಿ ವಾಯುಪಡೆ. ಎನ್‌ಡಿಎ ಪರೀಕ್ಷೆ ಬರಿ. ವಯಸ್ಸು ಹದಿನಾರೂವರೆಯಿಂದ ಹತ್ತೊಂಬತ್ತೂವರೆ, ಹಾಗಾಗಿ ತಡ ಮಾಡಬೇಡ. ಡಿಗ್ರಿ ಆದ ಮೇಲೆ ಎಎಫ್‌ಕ್ಯಾಟ್ ಅನ್ನುವ ವಾಯುಪಡೆಯ ಪ್ರವೇಶ ಪರೀಕ್ಷೆ ಇದೆ. ಅಲ್ಲಿ ಹಾರಲು ಕಲಿಸುತ್ತಾರೆ, ಮೇಲೆ ಸಂಬಳವನ್ನೂ ಕೊಡುತ್ತಾರೆ. ಕಾಲೇಜಿನಲ್ಲಿ ಎನ್‌ಸಿಸಿ ಏರ್ ವಿಂಗ್ ಇದ್ದರೆ ಸೇರಿಕೊ.

ಈಗ ಅಣ್ಣಾರ ಪ್ರಶ್ನೆಗೆ. ಕೆಲಸ ಗ್ಯಾರಂಟಿ ಇಲ್ಲ. ಯಾರಾದರೂ ಗ್ಯಾರಂಟಿ ಅಂದರೆ ಎದ್ದು ಬನ್ನಿ. ಸಿಪಿಎಲ್ ಕೈಯಲ್ಲಿ ಇದ್ದರೂ ಏರ್‌ಬಸ್ಸನ್ನೋ ಎಟಿಆರನ್ನೋ ಹಾರಿಸಲು ಆ ವಿಮಾನದ ಟೈಪ್ ರೇಟಿಂಗ್ ಬೇಕು, ಅಂದರೆ ಆ ಮಾದರಿಗೇ ಬೇರೆ ತರಬೇತಿ. ಸ್ವಂತ ದುಡ್ಡಲ್ಲಿ ಮಾಡಿದರೆ ಅದಕ್ಕೇ ಹದಿನೈದು ಲಕ್ಷದ ಮೇಲೆ. ಏಜೆನ್ಸಿಯವರು ಹೇಳಿದ ಐವತ್ತೈದರಲ್ಲಿ ಇದು ಸೇರಿದೆಯಾ ಕೇಳಿ. ಸೇರಿರುವುದಿಲ್ಲ ಅಂತ ನನ್ನ ಅಂದಾಜು. ಏರ್‌ಲೈನ್‌ಗಳೇ ಆರಿಸಿ ತರಬೇತಿ ಕೊಡಿಸುವ ಕೆಡೆಟ್ ಪ್ರೋಗ್ರಾಂ ಅಂತಲೂ ಇವೆ. ಕೆಲಸದ ಭರವಸೆ ಸ್ವಲ್ಪ ಜಾಸ್ತಿ, ಖರ್ಚು ಕೋಟಿಯ ಹತ್ತಿರ.

ಉಣಕಲ್ ಕಟ್ಟೆ

ಹಂಗಾದ್ರೆ ಪೇಪರಿನಲ್ಲಿ ಪೈಲಟ್‌ಗಳಿಲ್ಲ ಅಂತ ಬರೆಯುವುದು ಸುಳ್ಳಾ? 2025ರ ಡಿಸೆಂಬರ್‌ನಲ್ಲಿ ವಿಮಾನ ರದ್ದಾಗಿ ನಮ್ಮ ಹುಬ್ಬಳ್ಳಿಯಲ್ಲೇ ಮದುಮಕ್ಕಳಿಲ್ಲದ ರಿಸೆಪ್ಶನ್ ನಡೆಯಿತು. ಅವರಿಬ್ಬರೂ ಭುವನೇಶ್ವರದಲ್ಲಿ, ಇಲ್ಲಿ ಸ್ಕ್ರೀನ್ ಮೇಲೆ. ಊಟಕ್ಕೆ ಬಂದವರು ಟಿವಿಗೆ ಅಕ್ಷತೆ ಹಾಕುವುದೊಂದು ಬಾಕಿ.

ರನ್‌ವೇ ಇಪ್ಪತ್ತಾರು

ಸುಳ್ಳಲ್ಲ. ಹೊಸ ನಿಯಮದಲ್ಲಿ ಪೈಲಟ್‌ಗಳ ವಾರದ ವಿಶ್ರಾಂತಿ 36 ಗಂಟೆಯಿಂದ 48 ಗಂಟೆ ಆಯಿತು, ರಾತ್ರಿ ಇಳಿಸುವ ಮಿತಿ ಬಿಗಿಯಾಯಿತು. ಅದಕ್ಕೆ ತಕ್ಕಷ್ಟು ಪೈಲಟ್‌ಗಳನ್ನು ಏರ್‌ಲೈನ್ ಇಟ್ಟುಕೊಂಡಿರಲಿಲ್ಲ. ಆದರೆ ಕೊರತೆ ಅಂದಾಗ ಯಾರ ಕೊರತೆ ಅಂತ ಕೇಳಬೇಕು. ಅನುಭವ ಇರುವ ಕ್ಯಾಪ್ಟನ್‌ಗಳ ಕೊರತೆ ಅದು. ಕ್ಯಾಪ್ಟನ್ ಆಗಲು ಎಟಿಪಿಎಲ್ ಅನ್ನುವ ದೊಡ್ಡ ಲೈಸೆನ್ಸ್ ಬೇಕು. 21 ವರ್ಷ ಆಗಿರಬೇಕು, 1500 ಗಂಟೆ ಹಾರಿರಬೇಕು. 200 ಗಂಟೆಯವರು ಸಾಲಿನಲ್ಲಿ ಬೇಕಾದಷ್ಟು ಜನ ನಿಂತಿದ್ದಾರೆ. ಒಂದೊಂದು ಸಲ ಏರ್‌ಲೈನ್‌ಗಳು ಒಟ್ಟಿಗೆ ತಗೊಳ್ಳುತ್ತವೆ, ಆಮೇಲೆ ವರ್ಷಗಟ್ಟಲೆ ಸದ್ದಿಲ್ಲ. ಕಾಯುವ ಹೊತ್ತಿನಲ್ಲೂ ಮೆಡಿಕಲ್, ಇನ್‌ಸ್ಟ್ರುಮೆಂಟ್ ರೇಟಿಂಗ್ ಚಾಲ್ತಿಯಲ್ಲಿ ಇಡಬೇಕು. ಅದಕ್ಕೂ ಖರ್ಚು. ಸಿಪಿಎಲ್‌ನ ಅವಧಿ ಮಾತ್ರ 2023ರಲ್ಲಿ ಐದರಿಂದ ಹತ್ತು ವರ್ಷ ಆಯಿತು, ಅಷ್ಟು ನಿರಾಳ.

ಗದಗ ಬ್ಯಾಂಕಿನವ

ಸಾಲದ ಕಡೆ ನಾನು ಹೇಳ್ತೀನಿ. ಡಿಜಿಸಿಎ ಒಪ್ಪಿಗೆ ಇರುವ ಪೈಲಟ್ ಕೋರ್ಸಿಗೆ ಎಜುಕೇಶನ್ ಲೋನ್ ಸಿಗುತ್ತೆ. ಏಳೂವರೆ ಲಕ್ಷ ದಾಟಿದರೆ ಸಾಮಾನ್ಯವಾಗಿ ಆಸ್ತಿ ಅಡ ಇಡಬೇಕು. ಎಷ್ಟೋ ಬ್ಯಾಂಕುಗಳು ಹೊಲವನ್ನು ಅಡಕ್ಕೆ ತಗೊಳ್ಳಲು ಹಿಂದೆಮುಂದೆ ನೋಡುತ್ತವೆ, ಮನೆ ಅಥವಾ ಎನ್‌ಎ (ಕೃಷಿಯೇತರ) ಆದ ಪ್ಲಾಟ್ ಕೇಳುತ್ತವೆ. ಅದನ್ನು ಮೊದಲೇ ವಿಚಾರಿಸಿ.

ಐವತ್ತು ಲಕ್ಷ, ವರ್ಷಕ್ಕೆ ಶೇಕಡಾ 10 ಬಡ್ಡಿ, ಹದಿನೈದು ವರ್ಷ ಅಂದರೆ ತಿಂಗಳ ಕಂತು ಸುಮಾರು 53,700 ರೂಪಾಯಿ. ಓದುವಾಗ ಕೂಡುವ ಬಡ್ಡಿ ಇದರಲ್ಲಿ ಸೇರಿಲ್ಲ. ಏರ್‌ಲೈನ್ ಕೆಲಸ ಸಿಕ್ಕರೆ ಈ ಕಂತು ಭಾರವಲ್ಲ. ಸಿಗದೆ ಎರಡು ವರ್ಷ ಕೂತರೆ? ಆ ಎರಡು ವರ್ಷದ ಕಂತನ್ನು ನೀವು ನಿಮ್ಮ ಸಂಬಳದಲ್ಲಿ ಕಟ್ಟಬಲ್ಲಿರಾ ಅನ್ನುವುದೇ ನಿಜವಾದ ಪ್ರಶ್ನೆ. ಕಟ್ಟಬಲ್ಲೆ ಅಂದರೆ ಹೊಲ ಮಾರದೆ ನಡೆಯುತ್ತೆ. ಆಗುವುದಿಲ್ಲ ಅಂದರೆ ಹೊಲ ಮಾರಿದರೂ ಟೈಪ್ ರೇಟಿಂಗ್ ಹೊತ್ತಿಗೆ ಮತ್ತೆ ಸಾಲಕ್ಕೆ ಬರುತ್ತೀರಿ. ಏಜೆನ್ಸಿ ಖಾತೆಗೆ ಒಂದು ರೂಪಾಯಿಯೂ ಹಾಕಬೇಡಿ. ಸ್ಕೂಲಿನ ಖಾತೆಗೆ ನೇರವಾಗಿ, ರಸೀದಿ ಸಮೇತ.

ಬ್ಯಾಡಗಿ ಬಸು

ವಿಷಯ ಸ್ವಲ್ಪ ಪಕ್ಕಕ್ಕೆ ಹೋಗುತ್ತೆ, ಕ್ಷಮಿಸಿ. ನನ್ನ ಹತ್ತಿರವೂ ಡಿಜಿಸಿಎ ಕಾಗದ ಇದೆ, ಡ್ರೋನ್‌ದು. ಮೆಣಸಿನಕಾಯಿ ಹೊಲಕ್ಕೆ ಔಷಧಿ ಹೊಡೆಯುತ್ತೇನೆ. 2021ರ ಡ್ರೋನ್ ರೂಲ್ಸ್ ಪ್ರಕಾರ ಹತ್ತನೇ ಕ್ಲಾಸ್ ಪಾಸ್, 18ರಿಂದ 65 ವಯಸ್ಸು, ಒಪ್ಪಿಗೆ ಇರುವ ಕಡೆ ಕೆಲವು ದಿನದ ತರಬೇತಿ. ಸರ್ಟಿಫಿಕೇಟ್ ಹತ್ತು ವರ್ಷ ನಡೆಯುತ್ತೆ. 250 ಗ್ರಾಮಿನೊಳಗಿನ ಚಿಕ್ಕ ಡ್ರೋನ್‌ಗೆ ಅದೂ ಬೇಡ. ನವಲಗುಂದದ ತಮ್ಮ ಎನ್‌ಡಿಎಗೆ ಓದುತ್ತಾ ಇದನ್ನೂ ನೋಡಬಹುದು. ಬೆಳೆ ಸೀಸನ್ನಿನಲ್ಲಿ ಕೈಗೆ ನಾಲ್ಕು ಕಾಸು ಬರುತ್ತೆ.

ಕೇಶ್ವಾಪುರದ ಅಪ್ಪ

ಎಲ್ಲರಿಗೂ ದೊಡ್ಡ ನಮಸ್ಕಾರ. ಏಜೆನ್ಸಿಗೆ ಫೋನ್ ಮಾಡಿ ಟೈಪ್ ರೇಟಿಂಗ್ ಸೇರಿದೆಯಾ ಅಂತ ಕೇಳಿದೆ. ಆ ಮನುಷ್ಯ ಒಂದು ಕ್ಷಣ ಸುಮ್ಮನಿದ್ದು, ಸರ್ ನಿಮಗೆ ಯಾರು ಹೇಳಿದರು ಅಂದ. ದುಡ್ಡು ಕಟ್ಟುವುದಿಲ್ಲ. ಮಗಳಿಗೆ ಈ ಪೋಸ್ಟುಗಳನ್ನೆಲ್ಲ ಓದಿಸಿದೆ. ಅರ್ಧ ಹಾದಿ ಅವರು ಬರೆದದ್ದನ್ನು ಎರಡು ಸಲ ಓದಿದಳು, ಆದರೂ ಹಟ ಬಿಟ್ಟಿಲ್ಲ. ಎನ್‌ಐಒಎಸ್ ಅರ್ಜಿ ತುಂಬುತ್ತಿದ್ದಾಳೆ.

ಎರಡು ಸಣ್ಣ ಪ್ರಶ್ನೆ. ಕಾಗದ ತೆಗೆದು ನೋಡಿದರೆ ಮಾರ್ಕ್ಸ್ ಕಾರ್ಡ್‌ನಲ್ಲಿ ಅಡ್ಡಹೆಸರೇ ಇಲ್ಲ, ಆಧಾರ್‌ನಲ್ಲಿ ಇದೆ. ಏನು ಮಾಡಬೇಕು? ಇನ್ನೊಂದು, ದಕ್ಷಿಣ ಆಫ್ರಿಕಾಕ್ಕೋ ಅಮೆರಿಕಕ್ಕೋ ಹೋದರೆ ಬೇಗ ಮುಗಿಯುತ್ತೆ ಅಂತಾರೆ, ನಿಜವಾ?

ರನ್‌ವೇ ಇಪ್ಪತ್ತಾರು

ಮಾರ್ಕ್ಸ್ ಕಾರ್ಡ್ ಮುಟ್ಟಲು ಹೋಗಬೇಡಿ, ಅದು ತಿಂಗಳುಗಟ್ಟಲೆ ಎಳೆಯುತ್ತೆ. ಆಧಾರ್ ಅನ್ನು ಮಾರ್ಕ್ಸ್ ಕಾರ್ಡಿಗೆ ಸರಿಯಾಗಿ ತಿದ್ದಿಸಿ. ಆಮೇಲೆ ಪಾಸ್‌ಪೋರ್ಟ್. ಎನ್‌ಐಒಎಸ್ ಅರ್ಜಿಯಲ್ಲೂ ಮಾರ್ಕ್ಸ್ ಕಾರ್ಡಿನ ಹೆಸರೇ ಹಾಕಲು ಹೇಳಿ, ಇವತ್ತೇ.

ಹೊರದೇಶದಲ್ಲಿ ಹವೆ ಚೆನ್ನಾಗಿರುವ ಕಡೆ ಗಂಟೆಗಳು ಬೇಗ ಮುಗಿಯುತ್ತವೆ, ಅದು ನಿಜ. ಆದರೆ ಆ ಲೈಸೆನ್ಸ್ ಇಲ್ಲಿ ನೇರವಾಗಿ ನಡೆಯುವುದಿಲ್ಲ. ವಾಪಸ್ ಬಂದು ಇಲ್ಲಿನ ಪರೀಕ್ಷೆ, ಇಲ್ಲಿನ ಮೆಡಿಕಲ್, ಇಲ್ಲಿನ ವಿಮಾನದಲ್ಲಿ ಸ್ಕಿಲ್ ಟೆಸ್ಟ್ ಮುಗಿಸಿ ಭಾರತದ ಲೈಸೆನ್ಸ್ ಮಾಡಿಸಿಕೊಳ್ಳಬೇಕು. ಆದ್ದರಿಂದ ಎಲ್ಲಿಗೆ ಹೋದರೂ ಡಿಜಿಸಿಎ ಪೇಪರ್‌ಗಳನ್ನು ಇಲ್ಲೇ ಮುಗಿಸಿಕೊಂಡು ಹೋಗುವುದು ಜಾಣತನ. ಅಷ್ಟರಲ್ಲಿ ಅವಳಿಗೆ ಇದು ನಿಜವಾಗಿಯೂ ಬೇಕಾ ಅನ್ನುವುದೂ ಗೊತ್ತಾಗುತ್ತೆ.

ಕ್ಲಾಸ್ 1 ಮೆಡಿಕಲ್‌ಗೆ ಹಿಂದಿನ ದಿನವೇ ಬೆಂಗಳೂರು ಸೇರಿಕೊಳ್ಳಿ. ರಾತ್ರಿ ರೈಲಿನಲ್ಲಿ ನಿದ್ದೆಗೆಟ್ಟು ಹೋದರೆ ಬಿಪಿ ಜಾಸ್ತಿ ತೋರಿಸುತ್ತೆ. ಬೆಳಗ್ಗೆ ಖಾಲಿ ಹೊಟ್ಟೆ, ಹಳೆಯ ಮತ್ತು ಹೊಸ ಎರಡೂ ಚಾಳೀಸ, ಕಣ್ಣಿನ ಡಾಕ್ಟರ ಚೀಟಿ.